ಮಂಡಕ್ಕಿ ಗಾಡಿಗೆ ಯಾವ ತಾಡಪತ್ರಿ?

ತಮ್ಮನಿಂದ ಬಂದ ಮೆಸೇಜು ಇಷ್ಟೇ: "ಅಣ್ಣ, ಗಾಡಿಗೆ ಮೇಲೆ ಹೊದಿಕೆ ಬೇಕು. ಬೇಕಾದಾಗ ಹಾಕೋ ಹಂಗಿರಬೇಕು, ಬ್ಯಾಡಾದಾಗ ತೆಗೆಯೋ ಹಂಗಿರಬೇಕು. ನೀನೇ ನೋಡಿ ಹೇಳು."

ಅವನ ಗಾಡಿ ಸೆಕೆಂಡ್ ಹ್ಯಾಂಡ್ ಬೊಲೆರೊ ಪಿಕಪ್. ಹರಿಹರದಲ್ಲಿ ಮನೆ ಮುಂದೆ ನಿಲ್ಲುತ್ತೆ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಲೋಡ್ ಮಾಡಿಕೊಂಡು ರಾಣೆಬೆನ್ನೂರು, ಹಾವೇರಿ, ಹೊನ್ನಾಳಿ, ಶಿವಮೊಗ್ಗ ಕಡೆ ಹೋಗುತ್ತೆ. ವಾಪಸ್ ಬರುವಾಗ ಏನು ಸಿಕ್ಕರೆ ಅದು: ಮೆಕ್ಕೆಜೋಳದ ಚೀಲ, ಪಿವಿಸಿ ಪೈಪು, ಯಾರದೋ ಮನೆ ಖಾಲಿ ಮಾಡುವ ಸಾಮಾನು. ಕಂತು ಪ್ರತಿ ತಿಂಗಳು 7ನೇ ತಾರೀಕು. ಸಾಲದ ಕಾಗದದಲ್ಲಿ ಜಾಮೀನುದಾರ ಅಂತ ಇರುವಲ್ಲಿ ನನ್ನ ಸಹಿ ಇದೆ. ಹಾಗಾಗಿ ಗಾಡಿಯ ಹೊದಿಕೆ ನನ್ನ ವಿಷಯವೂ ಹೌದು.

ಹೋದ ವರ್ಷ ಹುಬ್ಬಿ ಮಳೆಯಲ್ಲಿ ಇದ್ದ ಹಳೇ ಹಾಳೆ ಹೆದ್ದಾರಿಯಲ್ಲೇ ಹರಿದು, ಹಿಂದಿನ ಸಾಲಿನ ಚೀಲಗಳಿಗೆ ನೀರು ಇಳಿದಿತ್ತು. ಅಂಗಡಿಯವರು ಅಷ್ಟನ್ನೂ ಇಳಿಸಿಕೊಳ್ಳಲಿಲ್ಲ, ಬಾಡಿಗೆಯಲ್ಲೇ ಮುರಿದುಕೊಂಡರು. ಎರಡು ದಿನದ ದುಡಿಮೆ ಹೋಯ್ತು. ಮಂಡಕ್ಕಿ ಹಾಗೇ ನೋಡಿ, ಅಕ್ಕಿ ಚೀಲ ಸ್ವಲ್ಪ ನೆನೆದರೆ ಒಣಗಿಸಿ ಹೇಗೋ ಸಾಗಹಾಕಬಹುದು. ಮಂಡಕ್ಕಿಗೆ ನೀರೂ ಬೇಡ, ತೇವದ ಗಾಳಿ ಸಾಕು, ಮೆತ್ತಗಾಗಿಬಿಡುತ್ತೆ. ಮೆತ್ತಗಾದ ಮಂಡಕ್ಕಿಯನ್ನು ನಮ್ಮೂರಲ್ಲಿ ಮಿರ್ಚಿ ಜೊತೆ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟಲ್ಲ.

ನಾನು ಸಾಫ್ಟ್‌ವೇರ್‌ನವನು. ಏನೇ ಕೇಳಿದರೂ ಮೊದಲು ಯೂಟ್ಯೂಬ್ ತೆಗೆಯುವ ಚಾಳಿ. "ಪಿಕಪ್ ಬೆಡ್ ಕವರ್" ಅಂತ ಹುಡುಕಿದರೆ ಇಡೀ ಅಮೆರಿಕ ಎದ್ದು ಬರುತ್ತೆ. ಅದಕ್ಕೆ ಅವರು ಟೊನೋ ಕವರ್ ಅಂತಾರೆ. ಫ್ರೆಂಚಿನಲ್ಲಿ ಟೊನೋ ಅಂದರೆ ಪೀಪಾಯಿ. ಸುರುಳಿ ಸುತ್ತುವ ಮೆತ್ತನೆ ಹಾಳೆ, ಮೂರು ಮಡಿಕೆಯ ಗಟ್ಟಿ ಹಲಗೆ, ಗುಂಡಿ ಒತ್ತಿದರೆ ಒಳಗೆ ಸರಿದುಕೊಳ್ಳುವ ಅಲ್ಯೂಮಿನಿಯಂ ಪಟ್ಟಿ, ಎಲ್ಲಾ ಇವೆ, ಬೀಗವೂ ಇದೆ. ನಮ್ಮಲ್ಲೂ ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಇಟ್ಟುಕೊಂಡವರು ಹಾಕಿಸುತ್ತಾರೆ.

ಒಂದು ಗಂಟೆ ನೋಡಿದ ಮೇಲೆ ಒಂದು ವಿಷಯ ಹೊಳೀತು. ಆ ಕವರುಗಳೆಲ್ಲ ಸಾಮಾನು ಬಾಡಿಯ ಪಕ್ಕದ ತಗಡಿಗಿಂತ ಕೆಳಗೇ ಇರುತ್ತೆ ಅಂತ ನಂಬಿಕೊಂಡು ಮಾಡಿದವು. ಎರಡು ಸೂಟ್‌ಕೇಸು, ಒಂದು ಟೂಲ್ ಬಾಕ್ಸು, ಕ್ಯಾಂಪಿಂಗ್ ಸಾಮಾನು. ಮಂಡಕ್ಕಿ ಹಗುರ. ಗಾಡಿಗೆ ಎಷ್ಟು ಟನ್ ತಾಕತ್ತಿದ್ದರೂ ತೂಕ ತುಂಬುವ ಎಷ್ಟೋ ಮೊದಲೇ ಜಾಗ ತುಂಬುತ್ತೆ. ಆದ್ದರಿಂದ ಚೀಲದ ಮೇಲೆ ಚೀಲ ಏರಿಸಲೇಬೇಕು. ಅಂದರೆ ನಮಗೆ ಬೇಕಾಗಿರೋದು ಡಬ್ಬಿಯ ಮುಚ್ಚಳ ಅಲ್ಲ, ಹಾಸಿಗೆಗೆ ಹೊದಿಸುವ ಕಂಬಳಿ. ನಮ್ಮ ಕಡೆ ಅದಕ್ಕೆ ತಾಡಪತ್ರಿ ಅಂತಾರೆ, ಕೆಲವರು ತಾಡಪಾಲು. ಅಂಗಡಿಯವನ ಬಿಲ್ಲಲ್ಲಿ ಟಾರ್ಪಾಲಿನ್.

ತಮ್ಮನ ಮನಸ್ಸಿನಲ್ಲಿ ಇನ್ನೊಂದಿತ್ತು. ಪೂರ್ತಿ ಮುಚ್ಚಿದ ಕಂಟೇನರ್ ಬಾಡಿ. ಮಳೆ, ಧೂಳು, ಕಳ್ಳತನ ಮೂರಕ್ಕೂ ಒಂದೇ ಮದ್ದು, ನೋಡಲಿಕ್ಕೂ ಕಂಪನಿ ಗಾಡಿ ಥರ. ನಾನು ಬೇಡ ಅಂದೆ. ದುಡ್ಡು ಒಂದು ಕಾರಣ, ಆದರೆ ದೊಡ್ಡದು ಅದಲ್ಲ. ಕಂಟೇನರ್ ಕೂರಿಸಿದರೆ ವಾಪಸ್ ಬರುವಾಗ ಉದ್ದದ ಪೈಪು, ಬೀರು, ಮಂಚ ಹಾಕೋದು ಕಷ್ಟ. ವಾಪಸ್ ಬಾಡಿಗೆ ತಪ್ಪಿದರೆ ಡೀಸೆಲ್ ಖರ್ಚು ಒಂದೇ ಕಡೆಯ ಬಾಡಿಗೆ ಮೇಲೆ ಬೀಳುತ್ತೆ. ಮತ್ತೆ ಬಾಡಿಯ ನಮೂನೆ ಬದಲಾದರೆ ಆರ್‌ಸಿಯಲ್ಲಿ ಇರೋದಕ್ಕೂ ಗಾಡಿಗೂ ತಾಳೆ ಆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಹಗ್ಗದಲ್ಲಿ ಕಟ್ಟಿ ಬಿಚ್ಚುವ ತಾಡಪತ್ರಿಗೆ ಆ ತಲೆನೋವಿಲ್ಲ.

ಅವನು ಎರಡು ದಿನ ಫೋನ್ ಎತ್ತಲಿಲ್ಲ. "ಬೆಂಗಳೂರಲ್ಲಿ ಎಸಿ ಒಳಗೆ ಕೂತು ಬ್ಯಾಡ ಅನ್ನೋದು ಸುಲಭ ಬಿಡು, ಮಳ್ಯಾಗೆ ಲೋಡ್ ಮ್ಯಾಲೆ ಹತ್ತಿ ಕಟ್ಟೋನು ನಾನು" ಅಂತ ಅಮ್ಮನ ಹತ್ತಿರ ಹೇಳಿದನಂತೆ. ಆ ಮಾತಿನಲ್ಲಿ ಸಿಟ್ಟಿಗಿಂತ ಲೆಕ್ಕ ಜಾಸ್ತಿ ಇತ್ತು. ಕ್ಲೀನರ್ ಇಟ್ಟುಕೊಳ್ಳುವಷ್ಟು ಬಾಡಿಗೆ ಹುಟ್ಟಲ್ಲ, ಅವನು ಒಬ್ಬನೇ. ಒಬ್ಬನೇ ಎತ್ತಿ, ಹೊದಿಸಿ, ಕಟ್ಟಬೇಕು ಅನ್ನೋದನ್ನ ಮೊದಲ ಷರತ್ತು ಅಂತ ಬರೆದುಕೊಂಡೆ.

ಶನಿವಾರ ಊರಿಗೆ ಹೋದಾಗ ಟೇಪು ಹಿಡಿದೆವು. ಬಾಡಿ 9 ಅಡಿ ಉದ್ದ, ಐದೂವರೆ ಅಡಿ ಅಗಲ. ಮಂಡಕ್ಕಿ ಲೋಡ್ ಮಾಡಿದಾಗ ಪಕ್ಕದ ತಗಡಿನಿಂದ ಮೇಲೆ ನಾಲ್ಕೂವರೆ ಅಡಿ ಎತ್ತರ. ಹಾಳೆ ತಗಡಿನ ಅಂಚಿಗಿಂತ ಇನ್ನೂ 1 ಅಡಿ ಕೆಳಗೆ ಇಳಿಯಬೇಕು, ಇಲ್ಲದಿದ್ದರೆ ಪಕ್ಕದಿಂದ ಹೊಡೆಯುವ ಇರಚಲು ನೇರ ಒಳಗೆ. ಅಂದರೆ ಅಡ್ಡಕ್ಕೆ ಹದಿನಾರೂವರೆ ಅಡಿ, ಉದ್ದಕ್ಕೆ 20 ಅಡಿ. ಅಂಗಡಿಯಲ್ಲಿ ಬರೆದಿರೋದು ಬಹಳ ಸಲ ಕತ್ತರಿಸಿದ ಅಳತೆ, ಅಂಚು ಮಡಿಚಿ ಹೊಲಿದ ಮೇಲೆ ಕೈಗೆ ಸಿಗೋದು ಕಮ್ಮಿ. ಆದ್ದರಿಂದ 20ಕ್ಕೆ 18 ಅಂತ ಹಿಡಿದೆ. ಸುಮಾರು 33 ಚದರ ಮೀಟರು.

ಇಲ್ಲಿಂದ ಮುಂದೆ ಬರೀ ಗುಣಾಕಾರ. ತಾಡಪತ್ರಿಯ ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ. 250 ಜಿಎಸ್‌ಎಂ ಪ್ಲಾಸ್ಟಿಕ್ ಹಾಳೆಯಾದರೆ ಒಟ್ಟು ಎಂಟೂ ಕಾಲು ಕೆಜಿ. ಲಾರಿಯವರು ಹಾಕುವ 650 ಜಿಎಸ್‌ಎಂ ಪಿವಿಸಿ ಲೇಪದ ಬಟ್ಟೆಯಾದರೆ ಇಪ್ಪತ್ತೊಂದೂವರೆ ಕೆಜಿ. ಕ್ಯಾನ್ವಾಸ್ ಒಣಗಿದಾಗ ನಡುವೆ ಎಲ್ಲೋ ಇರುತ್ತೆ, ನೆನೆದ ಮೇಲೆ ಅದರ ಭಾರ ಅದನ್ನು ಎತ್ತಿದವನಿಗೇ ಗೊತ್ತು.

ಒಂದು ಉಪಾಯ ಹೇಳ್ತೀನಿ, ನಿಮಗೂ ಉಪಯೋಗಕ್ಕೆ ಬರಬಹುದು. ವಿಮಾನಕ್ಕೆ ಹೋಗುವಾಗ ಬ್ಯಾಗ್ ತೂಗುವ ಕೈತಕ್ಕಡಿ ಇರುತ್ತಲ್ಲ, ಅದನ್ನ ಜೇಬಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿ. ತೂಕವನ್ನು ವಿಸ್ತೀರ್ಣದಿಂದ ಭಾಗಿಸಿದರೆ ನಿಜವಾದ ಜಿಎಸ್‌ಎಂ ಬರುತ್ತೆ. ಒಂದು ಕಡೆ ಕವರಿನ ಮೇಲೆ 250 ಅಂತ ಮುದ್ರಿಸಿದ್ದು ತೂಗಿದಾಗ 190ರ ಹತ್ತಿರ ಬಂತು. ಅಂಗಡಿಯವರು ತಕ್ಕಡಿಯನ್ನೇ ದುರುಗುಟ್ಟಿ ನೋಡಿದರು. ಇಂಥ ಪ್ಲಾಸ್ಟಿಕ್ ತಾಡಪತ್ರಿಗೆ ಐಎಸ್ 7903 ಅನ್ನುವ ಬಿಐಎಸ್ ಮಾನದಂಡ ಇದೆ. ಆ ಸಂಖ್ಯೆ, ಐಎಸ್‌ಐ ಗುರುತು ಎರಡೂ ಇದ್ದ ಹಾಳೆಯನ್ನೇ ಕೇಳಿ.

ಅಪ್ಪ ನಡುವೆ ಬಾಯಿ ಹಾಕಿದರು: "ರೈತ ಸಂಪರ್ಕ ಕೇಂದ್ರದಾಗೆ ಸಬ್ಸಿಡಿ ತಾಡಪತ್ರಿ ಕೊಡ್ತಾರಲ್ಲ, ಯಾರನ್ನಾದ್ರೂ ಕೇಳಿದ್ರೆ ಸಿಗ್ತತಿ." ಸಿಗಬಹುದು. ಆದರೆ ಅದು ಕಣದಲ್ಲಿ ಕಾಳು ಒಣಗಿಸುವ ರೈತರಿಗೆ, ಅವರ ಪಹಣಿ ನೋಡಿ ಕೊಡುವಂಥದ್ದು. ನಮಗೆ ಒಂದು ಗುಂಟೆ ಜಮೀನೂ ಇಲ್ಲ. ಇನ್ನೊಬ್ಬರ ಹೆಸರಲ್ಲಿ ತಂದರೆ ಆ ಮನೆಯ ಮೆಕ್ಕೆಜೋಳ ಚಿತ್ತಿ ಮಳೆಯಲ್ಲಿ ರಸ್ತೆ ಮೇಲೇ ನೆನೆಯುತ್ತೆ. ಅಪ್ಪ ಮುಂದೆ ಮಾತಾಡಲಿಲ್ಲ.

ನಮ್ಮ ತಲೆ ನಿಜವಾಗಿ ಕೆಟ್ಟಿದ್ದು ಬೆವರಿನ ವಿಷಯಕ್ಕೆ. ಇದನ್ನ ಹೇಳಿಕೊಟ್ಟವರು ದಾವಣಗೆರೆಯಲ್ಲಿ ತಾಡಪತ್ರಿ ಹೊಲಿಯುವ ಒಬ್ಬ ಚಾಚಾ. ನಾನು ಪಿವಿಸಿಯೇ ಗಟ್ಟಿ ಅಲ್ವಾ ಅಂತ ವಾದ ಹೂಡಿದ್ದೆ.

"ಗಟ್ಟಿ ಐತಿ, ಯಾರು ಇಲ್ಲ ಅಂದ್ರು? ಭಟ್ಟಿಯಿಂದ ಬಂದ ಮಾಲು ಬಿಸಿ ಇರ್ತತಿ. ಬಿಸಿ ಇದ್ದಂಗೇ ಬಿಗಿಯಾಗಿ ಹೊದಿಸಿದ್ರೆ ಒಳಗೇ ಬೆವರ್ತತಿ. ಮಳೆ ಹೊರಗಿಂದ ಬರಲ್ಲಪ್ಪ, ಒಳಗಿಂದಾನೇ ಬರ್ತತಿ."

ಬೆಳಗಿನ ಜಾವ ಭಟ್ಟಿಯಿಂದ ಹೊರಡುವ ಗಾಡಿಗೆ ಇದು ಅಕ್ಷರಶಃ ನಿಜ. ಹೊರಗೆ ಹವೆ ತಣ್ಣಗಿರುತ್ತೆ, ಹಾಳೆ ತಣ್ಣಗಾಗುತ್ತೆ, ಒಳಗಿನ ಬೆಚ್ಚನೆ ಗಾಳಿಯ ತೇವ ಹಾಳೆಯ ಒಳಮೈಗೆ ಹನಿ ಕಟ್ಟಿ ಚೀಲದ ಮೇಲೆ ತೊಟ್ಟಿಕ್ಕುತ್ತೆ. ಪ್ಲಾಸ್ಟಿಕ್ಕು, ಪಿವಿಸಿ ಎರಡೂ ಉಸಿರಾಡಲ್ಲ. ಕ್ಯಾನ್ವಾಸ್ ಉಸಿರಾಡುತ್ತೆ, ಹಳೇ ಲಾರಿ ಡ್ರೈವರುಗಳು ಇವತ್ತಿಗೂ ಅದನ್ನ ಹೊಗಳೋದು ಅದಕ್ಕೇ. ಆದರೆ ನೆನೆದ ಕ್ಯಾನ್ವಾಸಿಗೆ ಒಳಗಿನಿಂದ ಚೀಲ ತಾಗಿತೋ, ತಾಗಿದ ಕಡೆಯೇ ನೀರು ಜಿನುಗಲು ಶುರು. ಒಣಗಿಸದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತೆ. ಮಳೆಗಾಲದಲ್ಲಿ ಹರಿಹರದಂಥ ಹೊಳೆದಂಡೆ ಊರಲ್ಲಿ ಅಷ್ಟಗಲದ ಬಟ್ಟೆ ಒಣಗಿಸೋದು ಎಲ್ಲಿ?

ಪರಿಹಾರ ಹಾಳೆಯಲ್ಲಿ ಇರಲಿಲ್ಲ, ಕಮಾನಿನಲ್ಲಿತ್ತು. ಹಾಳೆ ಚೀಲಕ್ಕೆ ಅಂಟಿಕೊಳ್ಳದಂತೆ ನಡುವೆ ಒಂದು ಗೇಣು ಗಾಳಿ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಬಾಡಿಯ ಪಕ್ಕದಲ್ಲಿ ಪೈಪು ಇಳಿಬಿಡುವ ಕಿಂಡಿ ಮಾಡಿಸಿ, ಬಗ್ಗಿಸಿದ ಮೂರು ಪೈಪು ಸಿಕ್ಕಿಸಿ, ನೆತ್ತಿಯಲ್ಲಿ ಉದ್ದಕ್ಕೆ ಒಂದು ಪೈಪು. ಬೇಡದ ದಿನ ನಾಲ್ಕನ್ನೂ ಕಿತ್ತು ಮನೆಯಲ್ಲಿಟ್ಟು ಹೋಗೋದು. ಪೈಪು ಬಗ್ಗಿಸುವವರಿಗೆ ಹರಿಹರದಲ್ಲಿ ಬರವಿಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್ ಮಾಡಲು ಶುರು ಮಾಡಿದ ಊರು ಇದು, ಕಬ್ಬಿಣದ ಕೆಲಸ ಗೊತ್ತಿರುವ ಕೈಗಳು ಓಣಿಗೆ ನಾಲ್ಕು ಸಿಗುತ್ತವೆ. ನಾನು ಲ್ಯಾಪ್‌ಟಾಪಿನಲ್ಲಿ ಕಮಾನಿನ ಚಿತ್ರ ಬರೆದು ಮಿಲಿಮೀಟರಿನಲ್ಲಿ ಅಳತೆ ಹಾಕಿಕೊಂಡು ಹೋಗಿದ್ದೆ. ಮೇಸ್ತ್ರಿ ಅದನ್ನು ಗೌರವದಿಂದ ನೋಡಿ ಪಕ್ಕಕ್ಕಿಟ್ಟು, ಗಾಡಿಯ ಮೇಲೆ ಹತ್ತಿ ಸುತಳಿ ಹಿಡಿದು ಅಳೆದರು.

ಎತ್ತರದ ಬಗ್ಗೆ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಕಮಾನು ಇದೆ ಅಂತ ಇನ್ನೊಂದು ಸಾಲು ಚೀಲ ಏರಿಸುವ ಆಸೆ ತಮ್ಮನಿಗಿತ್ತು. ಲೋಡು ಮಿತಿ ಮೀರಿ ಮೇಲಕ್ಕೋ ಪಕ್ಕಕ್ಕೋ ಚಾಚಿದರೆ 2019ರ ತಿದ್ದುಪಡಿಯಲ್ಲಿ ಕಾಯ್ದೆ ಇಟ್ಟಿರುವ ದಂಡ 20,000 ರೂಪಾಯಿ. ದಂಡ ಹಾಗಿರಲಿ, ಹಗುರ ಲೋಡು ಎತ್ತರವಾದಷ್ಟೂ ಗಾಳಿಗೆ ಹಾಯಿ ಇದ್ದಂಗೆ. ಹರಿಹರ ದಾವಣಗೆರೆ ನಡುವಿನ ಹದಿನಾಲ್ಕು ಕಿಲೋಮೀಟರಿನಲ್ಲೇ ಬಯಲಿನ ಅಡ್ಡಗಾಳಿ ಎಷ್ಟು ತಳ್ಳುತ್ತೆ ಅನ್ನೋದು ಬೈಕಿನಲ್ಲಿ ಹೋದವರಿಗೆ ಗೊತ್ತು.

ಕೊನೆಗೆ ತಗೊಂಡದ್ದು ಎರಡು ತುಂಡಾಗಿ 250 ಜಿಎಸ್‌ಎಂ ಪ್ಲಾಸ್ಟಿಕ್ ಹಾಳೆ. ಒಂದೊಂದೂ ಐದು ಕೆಜಿ ಆಸುಪಾಸು, ಒಬ್ಬನೇ ಹೆಗಲ ಮೇಲೆ ಹಾಕಿಕೊಂಡು ಹತ್ತಬಹುದು. ಪಿವಿಸಿಗೆ ಹೆಚ್ಚುಕಮ್ಮಿ ಮೂರು ಪಟ್ಟು ಬೆಲೆ ಹೇಳಿದ್ದರು. ಪ್ಲಾಸ್ಟಿಕ್ ಹಾಳೆಯನ್ನು ತಿನ್ನೋದು ಮಳೆಗಿಂತ ಹೆಚ್ಚಾಗಿ ಬಿಸಿಲು. ಆದ್ದರಿಂದ ಯುವಿ ತಡೆಯುವಂಥದ್ದನ್ನೇ ಆರಿಸಿದೆವು, ಲೋಡ್ ಇಲ್ಲದ ದಿನ ಬಿಚ್ಚಿ ಮಡಚಿ ಸೀಟಿನ ಹಿಂದೆ ಇಡು ಅಂತ ಹೇಳಿದ್ದೇನೆ. ಎರಡು ಮಳೆಗಾಲ ಬಂದರೆ ನನ್ನ ಲೆಕ್ಕಕ್ಕೆ ಅದು ಲಾಭವೇ.

ಎರಡು ತುಂಡು ಮಾಡಿದಾಗ ಒಂದು ಎಚ್ಚರ ಬೇಕು. ಹಿಂದಿನ ಹಾಳೆ ಮೊದಲು ಹಾಕಿ, ಮುಂದಿನದರ ಅಂಚು ಅದರ ಮೇಲೆ ಬರಬೇಕು, ಮನೆಯ ಹೆಂಚು ಒಂದರ ಮೇಲೊಂದು ಕೂರುವ ಹಾಗೆ. ಉಲ್ಟಾ ಹಾಕಿದರೆ ಗಾಡಿ ಓಡುವಾಗ ಗಾಳಿ ಸಂದಿಯಲ್ಲಿ ನುಗ್ಗಿ ಹಾಳೆಯನ್ನು ಬಲೂನಿನಂತೆ ಎಬ್ಬಿಸುತ್ತೆ, ಪಟಪಟ ಬಡಿದು ಬಡಿದು ಹಗ್ಗ ಕಟ್ಟುವ ಕಣ್ಣುಗಳೇ ಕಿತ್ತು ಬರುತ್ತವೆ. ಹಳೇ ಹಾಳೆ ಹರಿದಿದ್ದೂ ಕಣ್ಣಿನ ಹತ್ತಿರವೇ. ಚಾಚಾ ಈಗ ಅಂಚಿನುದ್ದಕ್ಕೂ ಒಳಗೆ ಹಗ್ಗ ಇಟ್ಟು ಹೊಲಿದುಕೊಟ್ಟಿದ್ದಾರೆ, ಪ್ರತಿ ಕಣ್ಣಿಗೂ ಒಂದು ತುಂಡು ದಪ್ಪ ಬಟ್ಟೆಯ ತೇಪೆ. ಮೇಲೆ ಅಡ್ಡಡ್ಡ ಹಗ್ಗ, ಕ್ಯಾಬಿನ್ ಕಡೆಯ ಅಂಚು ಬಿಗಿ, ಹಿಂದಿನ ಬಾಗಿಲ ಕಡೆ ಕೆಳಗೆ ಮಾತ್ರ ಅಂಗೈಯಗಲ ಸಡಿಲ, ಬೆವರು ಹೋಗಲಿಕ್ಕೆ.

ಮೊದಲ ಸಲ ಕಟ್ಟಲು ಅವನಿಗೆ ನಲವತ್ತು ನಿಮಿಷ ಹಿಡೀತಂತೆ, ಈಗ ಹದಿನೈದಕ್ಕೆ ಬಂದಿದೆ. ಹೊನ್ನಾಳಿ ದಾರಿಯಲ್ಲಿ ಒಂದು ಜೋರು ಮಳೆ ದಾಟಿ ಬಂದಿದ್ದಾನೆ, ಚೀಲ ಒಣಗಿದ್ದವು. ಆದರೆ ಕಮಾನಿನ ಪೈಪು ಕಿಂಡಿಯಲ್ಲಿ ಕಟಕಟ ಸದ್ದು ಮಾಡುತ್ತೆ, ತಲೆ ಚಿಟ್ಟು ಹಿಡೀತತಿ ಅಂತ ದೂರು. ಹಳೇ ಟ್ಯೂಬಿನ ರಬ್ಬರ್ ಸುತ್ತಿ ನೋಡು ಅಂದಿದ್ದೇನೆ. ಅವನು ಅದನ್ನ ಆಗಲೇ ಸುತ್ತಿ ಆಗಿದೆಯಂತೆ. ಕಂಟೇನರ್ ಗಾಡಿಗಳ ಫೋಟೊ ಕಳಿಸೋದನ್ನ ಮಾತ್ರ ಇನ್ನೂ ನಿಲ್ಲಿಸಿಲ್ಲ.