ಕಂಡವರಿಲ್ಲ ಎಂದರೆ ನಡೆದಿಲ್ಲ ಎಂದಲ್ಲ

ಮಂಗ ಮನುಷ್ಯನಾದದ್ದನ್ನು ನಮ್ಮ ಹಿರಿಯರು ಯಾರೂ ಕಂಡಿಲ್ಲ, ಆದ್ದರಿಂದ ಡಾರ್ವಿನ್ ಹೇಳಿದ್ದು ತಪ್ಪು ಎಂದು 2018ರ ಜನವರಿಯಲ್ಲಿ ಕೇಂದ್ರದ ಆಗಿನ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಹೇಳಿದ್ದರು. ಸುಳ್ಯ ಕಡೆಯ ಮದುವೆ ಊಟದ ಪಂಕ್ತಿಯಲ್ಲಿ ಈ ಮಾತು ಈಗಲೂ ನನ್ನ ಕಿವಿಗೆ ಬೀಳುತ್ತದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು, ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಕೇಳಿ ಸುಮ್ಮನಿರಲು ಆಗುವುದಿಲ್ಲ.

ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಹೋಗಿದೆ. ಫೈಟೊಪ್ಲಾಸ್ಮಾ ಎಂಬ ರೋಗಾಣು ಮರದೊಳಗೆ ಸೇರುವುದನ್ನು ಯಾವ ಕೃಷಿಕನೂ ಕಣ್ಣಾರೆ ಕಂಡಿಲ್ಲ. ಹಳದಿಗಟ್ಟಿದ ಸೋಗೆ, ಒಳಗೆ ಕಪ್ಪಾದ ಅಡಿಕೆ, ಇವನ್ನು ನೋಡಿ ನಂಬಿದ್ದೇವೆ. ಹಾಳಾದ ಅದೇ ತೋಟದ ನಡುವೆ ಒಂದೊಂದು ಮರ ಹಸಿರಾಗಿಯೇ ನಿಂತಿರುತ್ತದೆ. ಸಿಪಿಸಿಆರ್‌ಐ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಅಂಥ ಮರಗಳನ್ನೇ ಹುಡುಕಿ, ಅಂಗಾಂಶ ಕೃಷಿಯಿಂದ ಸಸಿ ಮಾಡಲು ದುಡಿಯುತ್ತಿದ್ದಾರೆ. ಒಂದೇ ಜಾತಿಯಲ್ಲಿ ಮರ ಮರಕ್ಕೂ ವ್ಯತ್ಯಾಸ. ತಾಳಿಕೊಂಡದ್ದರ ಸಂತತಿ ಮುಂದಕ್ಕೆ. 1859ರ ತನ್ನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಡಾರ್ವಿನ್ ಎತ್ತಿಕೊಂಡದ್ದೂ ಸಾಕುಪ್ರಾಣಿ, ಬೆಳೆಗಳಲ್ಲಿನ ಇಂಥ ವ್ಯತ್ಯಾಸವನ್ನೇ. ತೋಟದಲ್ಲಿ ಮನುಷ್ಯ ಆರಿಸುತ್ತಾನೆ, ಕಾಡಿನಲ್ಲಿ ಬದುಕಿನ ಕಷ್ಟ ಆರಿಸುತ್ತದೆ.

ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಹಾರುವ ಓತಿ ಗೊತ್ತು. ನಮ್ಮ ಅಡಿಕೆ ಮರಗಳಲ್ಲೂ ಅದು ಇದೆ. ಅದರ ರೆಕ್ಕೆ ಉದ್ದಕ್ಕೆ ಚಾಚಿದ ಪಕ್ಕೆಲುಬಿನ ಮೇಲಿನ ಚರ್ಮ. ಹಕ್ಕಿ, ಬಾವಲಿಗಳದ್ದು ಮಾರ್ಪಟ್ಟ ಮುಂಗಾಲು. ಯಾಕೆ ಹೀಗೆ ಎಂದರೆ ವಿಕಾಸವಾದಕ್ಕೆ ಉತ್ತರವಿದೆ: ಇದ್ದ ಎಲುಬೇ ತಲೆಮಾರುಗಳಲ್ಲಿ ಬದಲಾಯಿತು. ಸೃಷ್ಟಿವಾದಕ್ಕೆ ಇರುವುದು ದೇವರ ಇಚ್ಛೆ ಎಂಬ ಒಂದೇ ಉತ್ತರ. ಏನೇ ಕಂಡರೂ ಆ ಉತ್ತರ ಹೊಂದುತ್ತದೆ, ಹಾಗಾಗಿ ಅದನ್ನು ಪರೀಕ್ಷಿಸಲು ಬರುವುದಿಲ್ಲ.

ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಇವತ್ತು ಕರ್ಣನಾಗಿ ಗೆಲ್ಲುತ್ತಾನೆ, ನಾಳೆ ಕೃಷ್ಣನಾಗಿಯೂ ಗೆಲ್ಲುತ್ತಾನೆ. ವಿಜ್ಞಾನದಲ್ಲಿ ಮಾತಿನ ಗೆಲುವು ನಡೆಯುವುದಿಲ್ಲ. ಎಂಥ ಸಾಕ್ಷಿ ಸಿಕ್ಕರೆ ನನ್ನ ವಾದ ಬೀಳುತ್ತದೆ ಎಂದು ಮೊದಲೇ ಹೇಳಬೇಕು ಎಂದವರು ದಾರ್ಶನಿಕ ಕಾರ್ಲ್ ಪಾಪರ್. ನೈಸರ್ಗಿಕ ಆಯ್ಕೆ ಈ ಪರೀಕ್ಷೆಗೆ ಸಿಗುತ್ತದೆಯೇ ಎಂದು ಅವರಿಗೇ ಸಂಶಯವಿತ್ತು. 1978ರಲ್ಲಿ ಆ ಸಂಶಯವನ್ನು ಬಿಟ್ಟುಕೊಟ್ಟರು. 60 ಕೋಟಿ ವರ್ಷ ಹಿಂದಿನ ಶಿಲೆಯಲ್ಲಿ ಮೊಲದ ಎಲುಬು ಸಿಕ್ಕರೆ ವಿಕಾಸವಾದ ಮುಗಿಯಿತು. ಇದುವರೆಗೆ ಸಿಕ್ಕಿಲ್ಲ.

ದಶಾವತಾರವೇ ವಿಕಾಸವಾದ ಎನ್ನುವವರೂ ಇದ್ದಾರೆ. ನಾನು ಚಂಪಾ ಷಷ್ಠಿಗೆ ಕಡಬ ತಾಲೂಕಿನ ಕುಕ್ಕೆಗೆ ಹೋಗುವವಳು. ದಶಾವತಾರಕ್ಕೆ ಪಳೆಯುಳಿಕೆಯ ಸಾಕ್ಷಿ ಬೇಡ. ಅದನ್ನು ಪ್ರಯೋಗಾಲಯಕ್ಕೆ ಎಳೆದರೆ ಭಕ್ತಿಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ನನ್ನ ಸಂಕಟ ಮಕ್ಕಳ ಬಗ್ಗೆ. ಎನ್‌ಸಿಇಆರ್‌ಟಿ 10ನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಪಾಠದಿಂದ ಜೀವವಿಕಾಸವನ್ನು ತೆಗೆಯಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪ್ರತಿಭಟಿಸಿ ಸಹಿ ಹಾಕಿದರು. 12ನೇ ತರಗತಿಯಲ್ಲಿ ಇದೆಯಲ್ಲ ಎಂಬುದು ಸಮಾಧಾನವಲ್ಲ. ಅಲ್ಲಿ ಓದುವುದು ಜೀವಶಾಸ್ತ್ರ ಆರಿಸಿದವರು ಮಾತ್ರ. ವಾಣಿಜ್ಯ ಹಿಡಿಯುವ, ಹತ್ತಕ್ಕೇ ತೋಟಕ್ಕಿಳಿಯುವ ಮಕ್ಕಳಿಗೆ ಅದು ಸಿಗುವುದೇ ಇಲ್ಲ. ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದದ್ದು ಕನ್ನಡ ಓದುವ ಎಲ್ಲರಿಗಾಗಿ. ಈ ಪಾಠ ಹತ್ತನೇ ತರಗತಿಗೆ ಮರಳಬೇಕು. ಅಲ್ಲಿಯವರೆಗೆ, ವಿಜ್ಞಾನ ಶಿಕ್ಷಕರೇ, ಒಂದು ತರಗತಿಯನ್ನಾದರೂ ಇದಕ್ಕೆ ಮೀಸಲಿಡಿ.