ಆಳು ಸಿಗುತ್ತಾನೆ, ಜಮೀನು ಸಿಗುವುದಿಲ್ಲ

ಎರಡು ಎಕರೆ ಗದ್ದೆ ಕೊಳ್ಳಲು ಹೊರಟವನು ಮೊದಲು ಪಹಣಿ ತೆಗೆಸುತ್ತಾನೆ. ಆಮೇಲೆ ಮ್ಯುಟೇಷನ್, ಟಿಪ್ಪಣಿ, ಆಕಾರ್‌ಬಂದ್. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಮೂವತ್ತು ವರ್ಷದ ಇಸಿ. ಬ್ಯಾಂಕ್ ಸಾಲ ಬೇಕಿದ್ದರೆ ವಕೀಲರ ಲೀಗಲ್ ಒಪಿನಿಯನ್ ಕೂಡ. ಎಲ್ಲ ಕಾಗದವೂ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಅಡ್ವಾನ್ಸ್, ಕ್ರಯಪತ್ರ, ಖಾತೆ. ಇಷ್ಟೆಲ್ಲ ಮುಗಿದು ಎರಡು ಬೆಳೆ ತೆಗೆಯುವ ಹೊತ್ತಿಗೆ ಕೋರ್ಟ್ ಅಮೀನ ಸಮನ್ಸ್ ಹಿಡಿದು ಬರುತ್ತಾನೆ. ಮಾರಿದವನ ತಂಗಿ ತನ್ನ ಭಾಗ ಕೇಳಿ ತಾಲ್ಲೂಕು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದ್ದಳು, ಅದೂ ಕ್ರಯಕ್ಕೆ ಮೊದಲೇ. ಕೊಂಡವನು ಜೋಡಿಸಿಟ್ಟ ಫೈಲಿನಲ್ಲಿ ಆ ದಾವೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹೆಸರು ಊರು ಬದಲಿಸಿದರೆ ಈ ಕಥೆ ಕರ್ನಾಟಕದ ಯಾವ ತಾಲ್ಲೂಕಿಗೂ ಸಲ್ಲುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ರಾಜ್ಯ 1994ರಲ್ಲೇ ತಂದಿತು, ಕೇಂದ್ರ 2005ರಲ್ಲಿ ತಂದಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದಿತು. ತಂಗಿಯ ದಾವೆ ನ್ಯಾಯವಾದದ್ದೇ. ತಕರಾರು ಇರುವುದು ಅವಳ ಮೇಲಲ್ಲ. ಸಾರ್ವಜನಿಕ ನ್ಯಾಯಾಲಯದಲ್ಲಿ ಸಾರ್ವಜನಿಕವಾಗಿ ದಾಖಲಾದ ದಾವೆಯೊಂದು, ಅದನ್ನು ಅತ್ಯಂತ ಜರೂರಾಗಿ ತಿಳಿಯಬೇಕಾದವನ ಕಣ್ಣಿಗೇ ಬೀಳಲಿಲ್ಲವಲ್ಲ, ಅದು ತಕರಾರು.

ಕೊಂಡವನಿಗೆ ಗೊತ್ತಿರಲಿಲ್ಲ ಎಂಬ ವಾದವನ್ನು ಕಾನೂನು ಕೇಳುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ, ಸ್ಥಿರಾಸ್ತಿಯ ಹಕ್ಕಿನ ಬಗ್ಗೆ ದಾವೆ ನಡೆಯುತ್ತಿರುವಾಗ ಅದನ್ನು ಕೊಂಡವನು ಆ ದಾವೆಯ ಫಲಿತಾಂಶಕ್ಕೆ ಬದ್ಧ. ಮೋಸವಿಲ್ಲದೆ ಪೂರ್ತಿ ಬೆಲೆ ತೆತ್ತಿದ್ದರೂ ಅಷ್ಟೇ. ಇಂಥದೇ ಒಂದು ಪ್ರಕರಣ ಚೆನ್ನೈ ಕಡೆಯಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು: ವಿಭಾಗದ ದಾವೆ ನಡೆಯುತ್ತಿದ್ದಾಗಲೇ ಆಸ್ತಿ ಕೊಂಡವನ ಗೋಳು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ಮೇಲೇರಿದ ಆರ್.ವಿ. ರವೀಂದ್ರನ್ 2010ರ ಡಿಸೆಂಬರ್‌ನಲ್ಲಿ ಆ ತೀರ್ಪು ಬರೆದರು. ಟಿ.ಜಿ. ಅಶೋಕ್ ಕುಮಾರ್ ಪ್ರಕರಣ ಎಂದೇ ವಕೀಲರಿಗೆ ಅದು ಪರಿಚಿತ. ತೀರ್ಪಿನ ಕೊನೆಗೆ ಅವರು ಶಾಸನ ಮಾಡುವವರಿಗೊಂದು ಸಲಹೆಯನ್ನೂ ಸೇರಿಸಿದರು. ದಾವೆ ಇದೆ ಎಂದು ತಿಳಿಯುವ ದಾರಿಯೇ ಇಲ್ಲದ ಪ್ರಾಮಾಣಿಕ ಖರೀದಿದಾರ ಇದರಿಂದ ಕಷ್ಟಕ್ಕೆ ಸಿಲುಕುತ್ತಾನೆ, ಇದಕ್ಕೊಂದು ತಿದ್ದುಪಡಿ ಬೇಕು ಎಂಬುದು ಅದರ ತಾತ್ಪರ್ಯ. ಮಾದರಿಯೂ ಕೈಯಲ್ಲೇ ಇತ್ತು. ಹಳೆಯ ಮುಂಬೈ ಪ್ರಾಂತ್ಯ 1939ರಲ್ಲೇ ಒಂದು ತಿದ್ದುಪಡಿ ತಂದು, ದಾವೆಯ ನೋಟಿಸನ್ನು ಸಬ್ ರಿಜಿಸ್ಟ್ರಾರ್ ಬಳಿ ನೋಂದಾಯಿಸಿದರೆ ಮಾತ್ರ ಕೊಂಡವನು ಬದ್ಧ ಎಂದು ಗೊತ್ತುಮಾಡಿತ್ತು. ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ ಆ ಏರ್ಪಾಡು ಮುಂದುವರಿದಿದೆ. ಅಲ್ಲಿ ಇಸಿ ತೆಗೆಸಿದರೆ ದಾವೆಯೂ ಸಿಗಬಹುದು. ಇಲ್ಲಿನ ಇಸಿಯಲ್ಲಿ ಸಾಲ ಕಾಣುತ್ತದೆ, ದಾವೆ ಕಾಣುವುದಿಲ್ಲ.

ಹಾಗಾದರೆ ಕೋರ್ಟಿನ ದಾಖಲೆಯಲ್ಲೇ ನೇರವಾಗಿ ಹುಡುಕಬಹುದಲ್ಲ? ಹುಡುಕಬಹುದು, ಮೊಬೈಲಿನಲ್ಲೇ. 2007ರಲ್ಲಿ ಶುರುವಾದ ಇ-ಕೋರ್ಟ್ಸ್ ಯೋಜನೆಯ ಫಲವಾಗಿ ತಾಲ್ಲೂಕು ಕೋರ್ಟುಗಳ ಪ್ರಕರಣಗಳೂ ಇವತ್ತು ಅಂತರ್ಜಾಲದಲ್ಲಿವೆ. ಪ್ರತಿ ಪ್ರಕರಣಕ್ಕೂ ಸಿಎನ್ಆರ್ ಎಂಬ ಹದಿನಾರು ಅಕ್ಷರ-ಅಂಕಿಗಳ ಗುರುತು. ಕರ್ನಾಟಕದ್ದಾದರೆ ಅದು ಕೆ-ಎ ಎಂದು ಶುರುವಾಗಿ ಇಸವಿಯಲ್ಲಿ ಮುಗಿಯುತ್ತದೆ. ಆ ನಂಬರ್ ಗೊತ್ತಿದ್ದವನಿಗೆ ವಾಯಿದೆ ಯಾವತ್ತು, ಕೇಸು ಯಾವ ಹಂತದಲ್ಲಿದೆ, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಂಬುದೆಲ್ಲ ಅರೆಕ್ಷಣದ ಮಾತು. ಮೊದಲು ಇದನ್ನೆಲ್ಲ ತಿಳಿಯಲು ವಕೀಲರ ಗುಮಾಸ್ತನ ಬೆನ್ನು ಹತ್ತಬೇಕಿತ್ತು. ಇದು ಸಣ್ಣ ಸಾಧನೆಯಲ್ಲ, ಒಪ್ಪಿಕೊಳ್ಳಬೇಕು.

ಆದರೆ ಈ ಸವಲತ್ತು ಪೂರ್ತಿ ದಕ್ಕುವುದು ಕೇಸು ಇದೆ ಎಂದು ಮೊದಲೇ ಗೊತ್ತಿದ್ದವನಿಗೆ. ಇದೆಯೋ ಇಲ್ಲವೋ ಎಂದು ನೋಡಹೊರಟವನಿಗೆ ಉಳಿದಿರುವ ದಾರಿ ಪಕ್ಷಗಾರರ ಹೆಸರು. ಜಿಲ್ಲೆ ಆರಿಸಿ, ಕೋರ್ಟ್ ಸಂಕೀರ್ಣ ಆರಿಸಿ, ಹೆಸರಿನ ಕನಿಷ್ಠ ಮೂರು ಅಕ್ಷರ ಹಾಕಿ, ಇಸವಿ ಹಾಕಿ, ಸೊಟ್ಟಗೆ ಬರೆದ ಕ್ಯಾಪ್ಚಾ ತುಂಬಿ ಒತ್ತಬೇಕು. ಇಸವಿ ಗೊತ್ತಿಲ್ಲದಿದ್ದರೆ ಒಂದೊಂದೇ ವರ್ಷ ಬದಲಿಸಿ ಮತ್ತೆ ಮತ್ತೆ. ಅದಕ್ಕಿಂತ ದೊಡ್ಡ ಗೋಜಲು ಹೆಸರಿನದ್ದು. ಸಿದ್ದೇಗೌಡ ಕನ್ನಡದಲ್ಲಿ ಒಬ್ಬನೇ. ಇಂಗ್ಲಿಷ್ ಅಕ್ಷರದಲ್ಲಿ ಆತ ಐದಾರು ಮಂದಿ: ಗೌಡಕ್ಕೆ ಓ-ಡಬ್ಲ್ಯೂ ಹಾಕುವವರಿದ್ದಾರೆ, ಓ-ಯು ಹಾಕುವವರಿದ್ದಾರೆ, ಸಿದ್ದದಲ್ಲಿ ಎಚ್ ಸೇರಿಸುವವರು, ಬಿಡುವವರು, ಎರಡನ್ನೂ ಕೂಡಿಸಿ ಬರೆಯುವವರು, ಬಿಡಿಸಿ ಬರೆಯುವವರು. ಲಕ್ಷ್ಮಮ್ಮನಿಗೆ ಕೆಲವರು ಎಕ್ಸ್ ಹಾಕುತ್ತಾರೆ. ಪಹಣಿಯಲ್ಲಿ 'ಬಿನ್ ಲೇಟ್ ಕರಿಯಪ್ಪ' ಎಂದಿದ್ದವನು ದಾವೆಯಲ್ಲಿ ಇನಿಷಿಯಲ್ ಹೊತ್ತು ಬಂದಿರುತ್ತಾನೆ, ಇಲ್ಲವೇ 'ಅಲಿಯಾಸ್' ಹಿಂದೆ ಅವಿತಿರುತ್ತಾನೆ. ಹೇಗೋ ಸರಿಯಾದ ಸ್ಪೆಲ್ಲಿಂಗ್ ತಾಗಿತು ಅನ್ನಿ, ಆಗ ಅದೇ ಹೆಸರಿನ ನಲವತ್ತು ಜನ ಎದುರಿಗೆ ನಿಲ್ಲುತ್ತಾರೆ. ಯಾರ ದಾವೆ ಯಾವ ಜಮೀನಿನದು ಎಂದು ಆ ಪಟ್ಟಿ ಹೇಳುವುದಿಲ್ಲ.

ಹೆಸರು ಬಿಟ್ಟರೆ ಕೇಸ್ ನಂಬರ್, ಫೈಲಿಂಗ್ ನಂಬರ್, ವಕೀಲರು, ಎಫ್ಐಆರ್, ಕಾಯ್ದೆ, ಪ್ರಕರಣದ ಬಗೆ, ಕೇವಿಯಟ್ ಹೀಗೆ ಬೇರೆ ಬಾಗಿಲುಗಳೂ ಇವೆ. ಸರ್ವೆ ನಂಬರ್ ಎಂಬ ಬಾಗಿಲು ಮಾತ್ರ ಇಲ್ಲ.

ಸೋಜಿಗವೆಂದರೆ ಸರ್ವೆ ನಂಬರ್ ಕೋರ್ಟಿನ ಕಡತದಲ್ಲಿ ಇದ್ದೇ ಇರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 3ನೇ ನಿಯಮದ ಪ್ರಕಾರ ಸ್ಥಿರಾಸ್ತಿಯ ದಾವೆಯಲ್ಲಿ ಆಸ್ತಿಯನ್ನು ಗುರುತಿಸುವಷ್ಟು ವಿವರ ಕೊಡಲೇಬೇಕು. ಎಲ್ಲೆಯನ್ನೋ ಸರ್ವೆ ನಂಬರನ್ನೋ ತೋರಿಸಬಹುದಾದಲ್ಲಿ ಅದನ್ನೂ ಬರೆಯಬೇಕು. ಹಾಗಾಗಿಯೇ ಪ್ರತಿ ದಾವಾಪತ್ರದ ಕೊನೆಗೆ ಷೆಡ್ಯೂಲ್ ಇರುತ್ತದೆ: ಇಂಥ ಹೋಬಳಿ, ಇಂಥ ಗ್ರಾಮ, ಸರ್ವೆ ನಂಬರ್ ಇಷ್ಟು, ಹಿಸ್ಸಾ ಇಷ್ಟು, ವಿಸ್ತೀರ್ಣ ಇಷ್ಟು, ಮತ್ತು ಚಕ್ಕುಬಂದಿ. ಅದನ್ನು ಟೈಪ್ ಮಾಡುವಾಗ ವಕೀಲರ ಕಚೇರಿ ತೋರುವ ಎಚ್ಚರ ಹೇಳತೀರದು, ಒಂದು ಗುಂಟೆ ತಪ್ಪಿದರೂ ಡಿಕ್ರಿ ಕೈಗೆ ಹತ್ತುವುದಿಲ್ಲ. ಅಷ್ಟು ಖಚಿತವಾದ ಮಾಹಿತಿ ಕೋರ್ಟಿನ ಕೌಂಟರ್ ತಲುಪಿದ ಮೇಲೆ ಕಂಪ್ಯೂಟರಿಗೆ ಹತ್ತದೆ ಕಟ್ಟಿನಲ್ಲೇ ಉಳಿಯುತ್ತದೆ.

ಇತ್ತ ಕಂದಾಯ ಇಲಾಖೆಯ ಭೂಮಿ ತಂತ್ರಾಂಶ 2000ದ ಸುಮಾರಿಗೇ ರಾಜ್ಯದ ಪಹಣಿಗಳನ್ನು ಸರ್ವೆ ನಂಬರ್‌ಗೆ ಕಟ್ಟಿಹಾಕಿ ದೇಶಕ್ಕೇ ಮಾದರಿ ಎನಿಸಿತು. ನೋಂದಣಿ ಇಲಾಖೆಯ ಕಾವೇರಿ ಆಸ್ತಿಗೆ ತಕ್ಕಂತೆ ದಸ್ತಾವೇಜು ಹುಡುಕಿಕೊಡುತ್ತದೆ. ಮೂರನೆಯದಾದ ನ್ಯಾಯಾಂಗದ ಭಂಡಾರ ಮಾತ್ರ ಆಸ್ತಿಯನ್ನು ಕಾಣದೆ ಆಳನ್ನಷ್ಟೇ ಕಾಣುತ್ತದೆ. ತಡೆಯಾಜ್ಞೆಯ ಪ್ರತಿಯನ್ನು ಯಾರಾದರೂ ತಾಲ್ಲೂಕು ಕಚೇರಿಗೆ ಒಯ್ದು ಕೊಟ್ಟರೆ ಪಹಣಿಯ 11ನೇ ಕಾಲಂನಲ್ಲಿ ಸುಳಿವು ಬೀಳಬಹುದು. ಒಯ್ಯದಿದ್ದರೆ ಇಲ್ಲ. ಭೂ ದಾಖಲೆಗಳನ್ನೂ ಇ-ಕೋರ್ಟ್ಸನ್ನೂ ಬೆಸೆಯುವ ಪ್ರಯೋಗ ಹರಿಯಾಣ, ಮಹಾರಾಷ್ಟ್ರ, ಉತ್ತರ ಪ್ರದೇಶಗಳಲ್ಲಿ ನಡೆದಿದೆ. ಆದರೆ ಅದರ ಮುಖ್ಯ ಉದ್ದೇಶ ನ್ಯಾಯಾಧೀಶರ ಮುಂದೆ ಭೂ ದಾಖಲೆ ಕಾಣುವಂತೆ ಮಾಡುವುದು. ಊರಿನವನಿಗೆ ಬೇಕಾದದ್ದು ಅದರ ತಿರುವುಮುರುವು: ಪಹಣಿ ನೋಡುವಾಗಲೇ ದಾವೆ ಕಾಣಬೇಕು.

ಈ ಕೊರತೆಯನ್ನು ಸದ್ಯಕ್ಕೆ ತುಂಬುತ್ತಿರುವುದು ಪತ್ರಿಕೆಗಳು, ಇಂಥದೇ ಪತ್ರಿಕೆಗಳ ಒಳಪುಟಗಳು. 'ಈ ಕೆಳಕಂಡ ಷೆಡ್ಯೂಲ್ ಸ್ವತ್ತನ್ನು ನಮ್ಮ ಕಕ್ಷಿದಾರರು ಕ್ರಯಕ್ಕೆ ಪಡೆಯಲು ಇಚ್ಛಿಸಿದ್ದು, ಯಾರದಾದರೂ ತಕರಾರು ಇದ್ದಲ್ಲಿ ಏಳು ದಿನದೊಳಗೆ' ಎಂಬ ಧಾಟಿಯ ಪುಟ್ಟ ಪ್ರಕಟಣೆಯನ್ನು ಕಾಣದ ಓದುಗನಿಲ್ಲ. ಬಾಂಬೆಯಲ್ಲೋ ದುಬೈನಲ್ಲೋ ಇರುವ ತಂಗಿ ಆ ದಿನದ ಆ ಊರಿನ ಆವೃತ್ತಿಯನ್ನು ಓದುತ್ತಾಳೆ ಎಂದು ಪ್ರಕಟಣೆ ಕೊಟ್ಟವರೂ ನಂಬಿರುವುದಿಲ್ಲ.

ಕೇಸು ಪತ್ತೆಯಾಯಿತು ಎಂದೇ ಇಟ್ಟುಕೊಳ್ಳೋಣ. ಕಡತದಲ್ಲಿ ಏನಿದೆ ಎಂದು ನೋಡುವುದು ಹೇಗೆ? ಇಲ್ಲಿ ಹೊರಗಿನವನಿಗೆ ಇನ್ನೊಂದು ಹೊಸಿಲು. ಕೋರ್ಟ್ ಹಾಲ್ ಎಲ್ಲರಿಗೂ ತೆರೆದದ್ದು ಎಂದು ಸಿವಿಲ್ ಸಂಹಿತೆಯ 153-ಬಿ ಹೇಳುತ್ತದೆ. ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ಸಾಕ್ಷಿ ಕೇಳಬಹುದು. ಕರ್ನಾಟಕ ಹೈಕೋರ್ಟ್‌ನಲ್ಲಿ ಕಲಾಪದ ನೇರಪ್ರಸಾರಕ್ಕೇ 2022ರಿಂದ ನಿಯಮಗಳಿವೆ. ಆದರೆ ಕೇಳಿದ್ದನ್ನು ಕಾಗದದಲ್ಲಿ ಬೇಕು ಎಂದರೆ ನಕಲು ಶಾಖೆಯ ಕಿಟಕಿಯಲ್ಲಿ ಮೊದಲ ಪ್ರಶ್ನೆ: ನೀವು ಪಾರ್ಟಿನಾ? ವಾದಿಯೋ ಪ್ರತಿವಾದಿಯೋ ಆಗಿದ್ದರೆ ನಕಲು ಅರ್ಜಿಗೆ ಸ್ಟ್ಯಾಂಪ್ ಹಚ್ಚಿ ಕೊಟ್ಟು ಬಂದರಾಯಿತು. ಅಲ್ಲದವನು ಯಾಕೆ ಬೇಕು ಎಂದು ಹೇಳಬೇಕು, ಹೇಳಿದ್ದು ಸಾಹೇಬರಿಗೆ ಒಪ್ಪಿಗೆಯಾಗಬೇಕು.

ಮಾಹಿತಿ ಹಕ್ಕಿನ ಕಾಯ್ದೆ ಈ ಹೊಸಿಲನ್ನು ದಾಟಿಸೀತು ಎಂದು ಹಲವರು ನಂಬಿದ್ದರು. ಅದನ್ನು ಒರೆಗೆ ಹಚ್ಚಿದ ಮೊದಮೊದಲ ಜಗಳಗಳಲ್ಲೊಂದು ಕರ್ನಾಟಕದ್ದೇ. ಹೈಕೋರ್ಟಿನ ನಿಯಮದ ಪ್ರಕಾರವೇ ಅರ್ಜಿ ಹಾಕಿ ಎಂದು ಅಲ್ಲಿನ ಮಾಹಿತಿ ಅಧಿಕಾರಿ ಉತ್ತರಿಸಿದಾಗ ರಾಜ್ಯ ಮಾಹಿತಿ ಆಯೋಗ ಅರ್ಜಿದಾರನ ಪರ ನಿಂತಿತು, ಹೈಕೋರ್ಟ್ ಆಯೋಗದ ಆದೇಶವನ್ನು ರದ್ದುಮಾಡಿತು, ಆಯೋಗ ಖುದ್ದು ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಆ ಅರ್ಜಿ ವಜಾ ಆದದ್ದಷ್ಟೇ ಅಲ್ಲ, ಆಯೋಗದ ಮೇಲೆ ಒಂದು ಲಕ್ಷ ರೂಪಾಯಿ ದಂಡವೂ ಬಿತ್ತು. 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ವಿಷಯ ಇತ್ಯರ್ಥವೇ ಆಗಿಹೋಯಿತು: ಕೋರ್ಟ್ ಕಡತದ ನಕಲು ಬೇಕಾದವನು ಆಯಾ ಹೈಕೋರ್ಟಿನ ನಿಯಮದಂತೆ ಕಾರಣ ತೋರಿಸಿ, ಅಫಿಡವಿಟ್ ಸಲ್ಲಿಸಿ ಪಡೆಯಬೇಕು, ಮಾಹಿತಿ ಹಕ್ಕಿನಡಿ ಅಲ್ಲ.

ಈ ತೀರ್ಪಿನ ಹಿಂದಿನ ಅಳುಕು ಪೊಳ್ಳಲ್ಲ. ಕಕ್ಷಿದಾರರ ಸಂಸಾರ, ಸಾಲ, ಕಾಯಿಲೆ ಎಲ್ಲ ಕಡತದಲ್ಲಿರುತ್ತವೆ. 2017ರಲ್ಲಿ ಕರ್ನಾಟಕ ಹೈಕೋರ್ಟೇ ಒಬ್ಬ ಯುವತಿಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತ್ತು. ಆದೇಶದ ದೃಢೀಕೃತ ನಕಲಿನಲ್ಲಿ ಹೆಸರು ಇರಲಿ ಎಂದೂ ಹೇಳಿತ್ತು. ಹುಡುಕುವುದಕ್ಕೂ ಓದುವುದಕ್ಕೂ ಇರುವ ಅಂತರವನ್ನು ಅಷ್ಟು ಚೊಕ್ಕವಾಗಿ ಗುರುತಿಸಿದ ಆದೇಶಗಳು ಕಡಿಮೆ. ಅಪರಾಧ ಪ್ರಕರಣಗಳಲ್ಲೂ ಇಂಥ ಗೆರೆ ಇದೆ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಎಫ್ಐಆರ್ 24 ಗಂಟೆಯೊಳಗೆ ಅಂತರ್ಜಾಲಕ್ಕೆ ಬರಬೇಕು, ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ. ಆರೋಪಪಟ್ಟಿ ಮಾತ್ರ ಸಾರ್ವಜನಿಕ ದಸ್ತಾವೇಜಲ್ಲ ಎಂದು ಅದೇ ಕೋರ್ಟ್ 2023ರಲ್ಲಿ ಹೇಳಿತು.

ಖಾಸಗಿತನದ ಈ ಚಿಂತೆಯನ್ನೇ ಮುಂದಿಟ್ಟು ನೋಡಿದರೆ ಇಂದಿನ ವ್ಯವಸ್ಥೆ ಇನ್ನಷ್ಟು ಉಲ್ಟಾ ಕಾಣುತ್ತದೆ. ಹೆಣ್ಣು ಕೇಳಲು ಬಂದವರು ಹುಡುಗನ ಹೆಸರು ಹಿಡಿದು ಅವನ ಮೇಲಿನ ಕೇಸು ಹುಡುಕುತ್ತಾರೆ, ಕೆಲಸ ಕೊಡುವವರು ಹುಡುಕುತ್ತಾರೆ, ಹಗೆ ಇದ್ದವರೂ ಹುಡುಕುತ್ತಾರೆ. ಖುಲಾಸೆಯಾದವನೂ ಆ ಪಟ್ಟಿಯಿಂದ ತಪ್ಪಿಸಿಕೊಳ್ಳಲಾರ. ಮನುಷ್ಯನನ್ನು ಬಯಲಿಗೆಳೆಯುವ ದಾರಿ ಸಲೀಸಾಗಿದೆ. ಯಾರ ಮಾನವನ್ನೂ ಮುಟ್ಟದೆ 'ಈ ಹಿಸ್ಸಾದ ಮೇಲೆ ದಾವೆ ಇದೆಯೇ' ಎಂದಷ್ಟೇ ಕೇಳುವ ದಾರಿ ಮುಚ್ಚಿದೆ. ಸರ್ವೆ ನಂಬರ್‌ಗೆ ಉತ್ತರವಾಗಿ ಕೋರ್ಟಿನ ಹೆಸರು, ಕೇಸ್ ನಂಬರ್, ಹಂತ ಇಷ್ಟು ಬಂದರೆ ಸಾಕು. ಪಕ್ಷಗಾರರ ಹೆಸರೂ ಬೇಡ.

ದುಡ್ಡಿನ ಸಬೂಬು ಹೇಳುವಂತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಇ-ಕೋರ್ಟ್ಸ್ ಮೂರನೇ ಹಂತದ ಮೊತ್ತ 7,210 ಕೋಟಿ ರೂಪಾಯಿ. ಅದರಲ್ಲಿ 2,038 ಕೋಟಿ ಹಳೆಯ ಕಡತಗಳ ಸ್ಕ್ಯಾನಿಂಗ್ ಮತ್ತು ಡಿಜಿಟಲ್ ಸಂರಕ್ಷಣೆಗೇ ಮೀಸಲು. ಕಡತ ಕಾಪಾಡುವುದು ಅಗತ್ಯವೇ. ಅಲಹಾಬಾದ್ ಹೈಕೋರ್ಟ್‌ನ ಮುಂದಿದ್ದ ಹಳೆಯ ಲಂಚದ ಪ್ರಕರಣವೊಂದರಲ್ಲಿ ವಿಚಾರಣಾ ಕೋರ್ಟಿನ ದಾಖಲೆಯೇ ಕಳೆದುಹೋಗಿ, ಅದಿಲ್ಲದೆಯೇ ಎತ್ತಿಹಿಡಿದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ರದ್ದುಮಾಡಬೇಕಾಯಿತು. ಆದರೆ ಸ್ಕ್ಯಾನ್ ಮಾಡಿದ ಕೋಟ್ಯಂತರ ಪುಟಗಳನ್ನು ಮತ್ತೆ ಇಂಗ್ಲಿಷ್ ಸ್ಪೆಲ್ಲಿಂಗಿನ ಹೆಸರುಗಳ ಅಡಿಯಲ್ಲೇ ಪೇರಿಸಿಟ್ಟರೆ ರೆಕಾರ್ಡ್ ರೂಮಿನ ಧೂಳು ಹೋದೀತು, ಹುಡುಕುವವನ ಪಾಡು ಹಾಗೇ ಉಳಿಯುತ್ತದೆ.

ಬೆಂಗಳೂರಿನ ದಕ್ಷ್ ಸಂಸ್ಥೆ 2016ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ಸಿವಿಲ್ ಕಕ್ಷಿದಾರರ ಪೈಕಿ ಶೇ 66ರಷ್ಟು ಮಂದಿಯ ವ್ಯಾಜ್ಯ ಭೂಮಿ ಅಥವಾ ಆಸ್ತಿಯದಾಗಿತ್ತು. ಮೂರರಲ್ಲಿ ಎರಡು ಪಾಲು ದಾವೆಗಳು ನೆಲಕ್ಕೆ ಸಂಬಂಧಿಸಿದ್ದಾಗ ನೆಲದ ಗುರುತಿನಿಂದ ಹುಡುಕುವ ಸೌಲಭ್ಯವನ್ನು ಐಚ್ಛಿಕ ಎಂದು ಭಾವಿಸಲಾಗದು. ಮುಂಬೈ ಮಾದರಿಯ ತಿದ್ದುಪಡಿಗೆ ವಿಧಾನಸಭೆ ಬೇಕು, ರಾಷ್ಟ್ರಪತಿಗಳ ಅಂಕಿತದವರೆಗೂ ಹೋಗಬೇಕಾದೀತು. ಸರ್ವೆ ನಂಬರಿನಿಂದ ದಾವೆ ಹುಡುಕುವ ಸೂಚಿ ಮಾಡಲು ಅಷ್ಟು ದೂರ ಹೋಗಬೇಕಿಲ್ಲ. ಸಿವಿಲ್ ಸಂಹಿತೆಯ 122ನೇ ಕಲಂ ತನ್ನ ಅಧೀನ ಕೋರ್ಟುಗಳ ಕಾರ್ಯವಿಧಾನಕ್ಕೆ ನಿಯಮ ರಚಿಸುವ ಅಧಿಕಾರವನ್ನು ಹೈಕೋರ್ಟಿಗೇ ಕೊಟ್ಟಿದೆ. ಹೊಸ ದಾವೆ ಸಲ್ಲಿಸುವಾಗ ಗ್ರಾಮ, ಸರ್ವೆ ನಂಬರ್, ಹಿಸ್ಸಾ ತುಂಬದಿದ್ದರೆ ಫೈಲಿಂಗ್ ಕೌಂಟರ್ ಆಕ್ಷೇಪಣೆ ಎತ್ತಲಿ. ಊರು-ಪಟ್ಟಣದ ನಿವೇಶನವಾದರೆ ಖಾತೆ ನಂಬರ್. ಈಗಾಗಲೇ ನಡೆಯುತ್ತಿರುವ ದಾವೆಗಳಲ್ಲಿ ವಾದಿಯ ವಕೀಲರು ಮುಂದಿನ ವಾಯಿದೆಗೆ ಅದೇ ವಿವರದ ಒಂದು ಪುಟದ ಮೆಮೊ ಹಾಕಲಿ, ಶಿರಸ್ತೇದಾರರು ಅದನ್ನು ಅಂದೇ ಕಂಪ್ಯೂಟರಿಗೆ ಏರಿಸಲಿ.