ಮಂಗಳ ಹಾಡುವ ಆಟ, ಹಾಡದ ಆಟ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೋಟುಗಳು ದಡ ಸೇರಿದ ಮೇಲೆ ಹಾರವಾಡದಂಥ ಊರುಗಳಲ್ಲಿ ಹರೆಯದವರ ಕೈಗೆ ಬಿಡುವು ಬರುತ್ತದೆ, ಹೊರಗೆ ಕಾಲಿಡಲಾಗದ ಮಳೆಯೂ ಬರುತ್ತದೆ. ಆಗ ಮನೆಗಳಲ್ಲಿ ಕೇಳುವ ಮಾತು ಒಂದೇ: ‘ಕರೆದರೆ ಓಗೊಡುವುದಿಲ್ಲ, ಊಟದ ನೆನಪಿಲ್ಲ, ಆ ಗೇಮಿನೊಳಗೇ ಇದ್ದಾನೆ.’ ಹೇಳುವವರ ದನಿಯಲ್ಲಿ ಭಯವಿರುತ್ತದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಭಯಪಡಬೇಕಾದದ್ದು ಮೈಮರೆವಿಗೋ ಬೇರೆ ಯಾವುದಕ್ಕೋ ಎಂದು ಬಿಡಿಸಿ ನೋಡದೆ ಮೊಬೈಲು ಕಸಿದುಕೊಂಡರೆ, ರೋಗ ಒಂದು ಮದ್ದು ಇನ್ನೊಂದು ಆಗುತ್ತದೆ.

ಮಕ್ಕಳು ಹೊಕ್ಕಿರುವ ಲೋಕ ಎಂಥದ್ದು? 2011ರಲ್ಲಿ ಅಮೆರಿಕದ ಬೆಥೆಸ್ಡಾ ಹೊರತಂದ ‘ಸ್ಕೈರಿಮ್’, 2015ರಲ್ಲಿ ಪೋಲೆಂಡಿನಿಂದ ಬಂದ ‘ದಿ ವಿಚರ್ 3’, 2022ರ ಜಪಾನಿನ ‘ಎಲ್ಡನ್ ರಿಂಗ್’ ಇಷ್ಟ ಬಂದತ್ತ ಅಲೆಯಬಹುದಾದ ‘ಓಪನ್ ವರ್ಲ್ಡ್’ ಆಟಗಳಲ್ಲಿ ಹೆಸರಾದವು. ಆಡುವವರಿಗೆ ಒಂದು ವೇಷ ಸಿಗುತ್ತದೆ, ಮಾಡಿ ಮುಗಿಸಬೇಕಾದ ಒಂದು ಮಹಾಕಾರ್ಯ ಸಿಗುತ್ತದೆ. ಆದರೆ ಆ ಕಾರ್ಯಕ್ಕೆ ಈಗಲೇ ಹೊರಡಬೇಕೆಂಬ ಕಟ್ಟಿಲ್ಲ. ಡ್ರ್ಯಾಗನ್‌ಗಳು ನಾಡಿಗೆ ಬೆಂಕಿ ಇಡುತ್ತಿದ್ದರೂ ಸ್ಕೈರಿಮ್‌ನಲ್ಲಿ ಬೆಟ್ಟದ ಹೂವು ಕಿತ್ತು ಮದ್ದು ಮಾಡಬಹುದು, ಕುಲುಮೆಯಲ್ಲಿ ಕತ್ತಿ ಬಡಿಯಬಹುದು, ಯಾರದೋ ಮನೆಯ ಕಪಾಟಿನಲ್ಲಿ ಸಿಕ್ಕ ಪುಸ್ತಕ ಓದುತ್ತ ಕೂರಬಹುದು. ಆ ನಾಡಿನ ವಿಸ್ತಾರ ಸುಮಾರು 37 ಚದರ ಕಿಲೋಮೀಟರ್ ಎಂದು ಲೆಕ್ಕ ಹಾಕಿದ್ದಾರೆ. ಅಂಕೋಲಾ ತಾಲ್ಲೂಕಿನ ಒಂದು ಮೂಲೆಯಷ್ಟೂ ಅಲ್ಲ. ಆದರೂ ಎಷ್ಟು ನಡೆದರೂ ಮುಗಿಯದ ನಾಡೆನಿಸುತ್ತದೆ.

ಈ ಅನಿಸಿಕೆ ತಾನಾಗಿ ಹುಟ್ಟುವುದಿಲ್ಲ. ನಿಂಟೆಂಡೊ 2017ರಲ್ಲಿ ತಂದ ‘ಬ್ರೆತ್ ಆಫ್ ದಿ ವೈಲ್ಡ್’ ಆಟವನ್ನು ರೂಪಿಸಿದವರೇ ಅದರ ಗುಟ್ಟು ಹೇಳಿದ್ದಾರೆ. ನೆಲವನ್ನು ಅವರು ತ್ರಿಕೋನಗಳಾಗಿ ಎಬ್ಬಿಸಿದರು. ಎದುರಿನ ಗುಡ್ಡ ತನ್ನ ಹಿಂದಿನದನ್ನು ಮರೆಮಾಡಬೇಕು; ಹತ್ತಿದರೂ ಸುತ್ತಿ ಬಂದರೂ ಹೊಸದೊಂದು ಕಾಣಿಸಬೇಕು; ಅದರ ಹಿಂದೆ ಮತ್ತೊಂದು ಅಡಗಿರಬೇಕು. ಕಾರವಾರದಿಂದ ಅಂಕೋಲೆಗೆ ಹೋಗಿ ಬರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಹ್ಯಾದ್ರಿಯ ಕವಲುಗಳು ಇಲ್ಲಿ ಸಮುದ್ರದವರೆಗೂ ಇಳಿದಿವೆ. ಬಿಣಗಾ, ಅರ್ಗಾ, ಅಮದಳ್ಳಿ, ಹಾರವಾಡ, ಅವರ್ಸಾ: ಗುಡ್ಡದ ಒಂದು ಮಗ್ಗುಲು ದಾಟುವವರೆಗೆ ಮುಂದಿನ ಊರಿನ ಗದ್ದೆಯೂ ಕಾಣದು, ಮರಳದಂಡೆಯೂ ಕಾಣದು. ದಿನಾ ಓಡಾಡುವವರೂ ತಿರುವಿನಲ್ಲಿ ಒಮ್ಮೆ ಕತ್ತೆತ್ತಿ ನೋಡುತ್ತಾರೆ. ಕುತೂಹಲವನ್ನು ಕೆಣಕುವ ಈ ವಿದ್ಯೆ ಮೊದಲು ನೆಲದ್ದು, ಆಮೇಲೆ ಆಟದವರದ್ದು. ಅದಕ್ಕೆ ಮನಸೋತ ಹುಡುಗನ ಬುದ್ಧಿ ಕೆಟ್ಟಿಲ್ಲ, ನೆಟ್ಟಗೇ ಇದೆ.

ಕಲ್ಪಿತ ಲೋಕದಲ್ಲಿ ಮೈಮರೆಯುವುದು ಈ ಜಿಲ್ಲೆಗೆ ಹೊಸತೂ ಅಲ್ಲ. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದು 1934ರಲ್ಲಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೂ ಭಸ್ಮಾಸುರನನ್ನೂ ನೋಡಲು ಜನ ಊರಿಂದೂರಿಗೆ ನಡೆದರು, ರಾತ್ರಿಯಿಡೀ ಕೂತರು. ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದೇ, ಪದ್ಯವೂ ಗೊತ್ತು. ಆದರೆ ಆ ರಾತ್ರಿ ವೇಷಧಾರಿ ಯಾವ ಅರ್ಥ ಹೇಳುತ್ತಾನೆ, ಎದುರಿನವನು ಹೇಗೆ ಉತ್ತರ ಕೊಡುತ್ತಾನೆ ಎಂಬುದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಕಥೆಗೆ ಕಟ್ಟು, ಮಾತಿಗೆ ಬಿಡುಗಡೆ. ಇಂದಿನ ಆಟಗಳಲ್ಲಿ ಆ ಬಿಡುಗಡೆ ನೋಡುವವನ ಕೈಗೇ ಬಂದಿದೆ. ಪುಸ್ತಕದ ಮಾತೂ ಹೀಗೆಯೇ. ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದುಕೊಂಡು ಗಂಗಾವಳಿಯಾಚೆಯ ತಮ್ಮ ಹನೇಹಳ್ಳಿಯನ್ನು ಕಥೆಗಳಲ್ಲಿ ಕಟ್ಟುತ್ತಲೇ ಹೋದರು. ಆ ಊರಿಗೆ ಕಾಲಿಡದ ಓದುಗರು ಅಲ್ಲಿ ಓಡಾಡಿ ಬಂದವರಂತೆ ಮಾತಾಡುತ್ತಾರೆ. ನಿದ್ದೆಗೆಟ್ಟು ಆಟ ನೋಡಿದವನನ್ನೂ ದೀಪ ಆರಿಸದೆ ಕಾದಂಬರಿ ಓದಿದವಳನ್ನೂ ನಾವು ರಸಿಕರೆಂದೆವು. ಸ್ಕೈರಿಮ್‌ನ ಹಿಮಬೆಟ್ಟ ಹತ್ತಿದವರಿಗೆ ಮಾತ್ರ ಬೇರೆ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ, ಮತ್ತು ದೊಡ್ಡದಿದೆ. ಬಯಲಾಟಕ್ಕೆ ಮಂಗಳವಿತ್ತು. ಬೆಳಗಿನ ಜಾವಕ್ಕೆ ಭಾಗವತರು ಮಂಗಳ ಹಾಡಿದರೆ ಕಥೆ ಮುಗಿಯಿತು. ಚೌಕಿಯಲ್ಲಿ ಕಿರೀಟ ಕಳಚಿತು, ಬಣ್ಣ ಅಳಿಸಿತು. ಮಳೆಗಾಲ ಬಂತೆಂದರೆ ಮೇಳವೇ ಗೆಜ್ಜೆ ಬಿಚ್ಚುತ್ತಿತ್ತು. ಲೋಕವನ್ನು ತೆರೆದವರೇ ಅದನ್ನು ಮುಚ್ಚಿ ಜನರನ್ನು ಮನೆಗೆ ಕಳಿಸುತ್ತಿದ್ದರು. ನೋಡಿದವರು ಒಟ್ಟಿಗೆ ನಡೆದು ಹೋಗುತ್ತ ಕೀಚಕನ ಕುಣಿತವನ್ನೇ ಮತ್ತೆ ಮತ್ತೆ ಮಾತಾಡಿಕೊಳ್ಳುತ್ತಿದ್ದರು. ಒಬ್ಬನೇ ಕೋಣೆಯಲ್ಲಿ ಆಡುವ ಹುಡುಗನಿಗೆ ಆ ದಾರಿಯ ಮಾತು ಸಿಗುವುದಿಲ್ಲ. ನನ್ನ ಮಟ್ಟಿಗೆ ಅವನ ನಿಜವಾದ ನಷ್ಟ ಇದು.

ಎಲ್ಲ ವಿಡಿಯೋ ಗೇಮುಗಳೂ ಈ ವಿಷಯದಲ್ಲಿ ಒಂದೇ ಅಲ್ಲ. ಪೋಲಿಷ್ ಲೇಖಕ ಆಂದ್ರೇ ಸಾಪ್ಕೋವ್‌ಸ್ಕಿಯವರ ಕಥೆಗಳಿಂದ ಹುಟ್ಟಿದ ವಿಚರ್‌ಗೆ ಆದಿ ಇದೆ, ಅಂತ್ಯವಿದೆ. ಮೂಲೆಮೂಲೆ ನೋಡಬೇಕೆಂದರೆ ನೂರು ಗಂಟೆ ಮೀರಬಹುದು, ಆದರೂ ಕಥೆ ಒಂದು ದಿನ ಮುಗಿಯುತ್ತದೆ. ಸ್ಕೈರಿಮ್‌ನಲ್ಲಿ ಮುಖ್ಯ ಕಥೆ ಮುಗಿದ ಮೇಲೂ ಚಿಲ್ಲರೆ ಕೆಲಸಗಳನ್ನು ಕಂಪ್ಯೂಟರೇ ಹೊಸೆದು ಕೊಡುತ್ತ ಹೋಗುತ್ತದೆ, ಅದು ಅದರ ದೋಷವೇ. ಆದರೆ ಒಮ್ಮೆ ದುಡ್ಡು ಕೊಟ್ಟು ಕೊಂಡ ಆಟ ಅದು. ಬಿಟ್ಟೆದ್ದರೆ ತಗಾದೆ ಮಾಡುವವರಿಲ್ಲ.

ನಮ್ಮ ಊರುಗಳ ಹೆಚ್ಚಿನ ಮಕ್ಕಳ ಕೈಯಲ್ಲಿರುವುದು ಕಂಪ್ಯೂಟರಲ್ಲ, ಫೋನು. ಅಲ್ಲಿ ಸಿಗುವುದು 2020ರ ‘ಗೆನ್ಶಿನ್ ಇಂಪ್ಯಾಕ್ಟ್’ನಂಥ ಆಟ. ಲೋಕ ಅಷ್ಟೇ ಚೆಲುವು, ಅಷ್ಟೇ ವಿಶಾಲ, ಆಡಲು ಬಿಟ್ಟಿ. ಆದರೆ ಬಹುಮಾನ ಪಡೆಯಲು ಬೇಕಾದ ‘ರೆಸಿನ್’ ಎಂಬ ಶಕ್ತಿ ಎಂಟು ನಿಮಿಷಕ್ಕೊಂದರಂತೆ ತುಂಬುತ್ತದೆ, ತುಂಬಿದ್ದನ್ನು ಬಳಸದೆ ಬಿಟ್ಟರೆ ಮುಂದಿನದು ಸಿಗದು. ಹೀಗಾಗಿ ದಿನಾ ಹಣಕಿ ನೋಡಲೇಬೇಕು. ಹೊಸ ಪಾತ್ರ ಬೇಕಾದರೆ ಚೀಟಿ ಎತ್ತಿದಂತೆ ಅದೃಷ್ಟ ಪರೀಕ್ಷೆ. ಚೀಟಿ ತೀರಿದರೆ ನಿಜವಾದ ದುಡ್ಡು. ಇಲ್ಲಿ ಹುಡುಗನನ್ನು ಹಿಡಿದಿಟ್ಟಿರುವುದು ಗುಡ್ಡದಾಚೆಯ ಕುತೂಹಲವೊಂದೇ ಅಲ್ಲ, ಗಡಿಯಾರವೂ ಜೂಜಿನ ಆಸೆಯೂ ಹೌದು. ಒಳಗೇನಿದೆ ಎಂದು ತಿಳಿಯದ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು ದುಡ್ಡಿಗೆ ಮಾರುವುದು ಜೂಜೇ ಎಂದು ಬೆಲ್ಜಿಯಂ 2018ರಲ್ಲೇ ತೀರ್ಮಾನಿಸಿತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಗುರಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳು. ಹಾಗಾಗಿ ಚೆಲುವಾದ ಲೋಕದೊಳಗೆ ಚೀಟಿ ಎತ್ತಿಸುವವರನ್ನು ಮನೆಯವರೇ ಗುರುತಿಸಬೇಕು.

ವೈದ್ಯರೂ ಬರೀ ಗಂಟೆ ಎಣಿಸಿ ರೋಗವೆನ್ನುವುದಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಗೇಮಿಂಗ್ ವ್ಯಾಧಿ ಸೇರಿದೆ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಉಳಿದೆಲ್ಲ ಹಿಂದೆ ಬಿದ್ದು ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುವುದು ಅದರ ಲಕ್ಷಣಗಳು; ಸಾಮಾನ್ಯವಾಗಿ ಹನ್ನೆರಡು ತಿಂಗಳು ಹಾಗಿದ್ದರೆ ಮಾತ್ರ ಆ ಹೆಸರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಅಷ್ಟು ದೂರ ಹೋದವರಿಗೆ ಅಲ್ಲಿ ಸಹಾಯ ಬೇಕೇ ಬೇಕು, ನಾಚಿಕೆಪಡುವ ಕಾರಣವಿಲ್ಲ. ಆದರೆ ಎರಡು ತಿಂಗಳ ಮಳೆಯಲ್ಲಿ ಒಂದು ಕಥೆಗೆ ಮನಸೋತವರನ್ನು ಆ ಸಾಲಿಗೆ ಸೇರಿಸಬೇಡಿ.

ಈ ಮಳೆಗಾಲ ಮಗನ ಪಕ್ಕ, ಮಗಳ ಪಕ್ಕ ಒಂದು ಸಂಜೆ ಕೂತುಕೊಳ್ಳಿ. ನೀನು ಯಾರ ವೇಷ ಹಾಕಿದ್ದಿ, ಎಲ್ಲಿಗೆ ಹೊರಟಿದ್ದಿ, ಆ ಬೆಟ್ಟದ ಹಿಂದೆ ಏನಿದೆ ಎಂದು ಕೇಳಿ, ಅವರು ಹೇಳುತ್ತಾರೆ. ಹಾಗೆಯೇ, ಆಟ ದುಡ್ಡು ಕೇಳುವುದು ಎಲ್ಲಿ ಎಂದೂ ಕೇಳಿ. ಫೋನಿನಲ್ಲಿ ಪಾಸ್‌ವರ್ಡ್ ಇಲ್ಲದೆ ಖರೀದಿ ಆಗದಂತೆ ಮಾಡಿಡಿ. ದಿನಾ ಬಾ ಎಂದು ಕರೆದು ಚೀಟಿ ಎತ್ತಿಸುವ ಆಟವಾದರೆ ಬಿಡಿಸಿ. ಕಥೆ ಇರುವ ಆಟವಾದರೆ ಮುಗಿಸಲು ಬಿಡಿ.